ಬಿದ್ದ ಸ್ವಿಚ್ಚಿಗೆ ಬೈಯಬೇಡಿ, ಕರೆಂಟು ಸೋರೋ ಜಾಗ ಹುಡುಕಿ!

ಶಿವಮೊಗ್ಗ: ಮಳೆ ಹಿಡೀತು ಅಂದ್ರೆ ನಮ್ಮೂರಲ್ಲಿ ಮೂರು ಕಡೆ ರಶ್ಶು. ಕೊಡೆ ರಿಪೇರಿಯವರ ಹತ್ತಿರ, ನೆಗಡಿ-ಜ್ವರದ ಡಾಕ್ಟರ ಹತ್ತಿರ, ಆಮೇಲೆ ಕರೆಂಟ್ ಸಾಮಾನಿನ ಅಂಗಡಿಯಲ್ಲಿ. ದುರ್ಗಿಗುಡಿಯಿಂದ ಗಾಂಧಿ ಬಜಾರಿನ ತನಕ ಯಾವ ಅಂಗಡಿ ಮುಂದೆ ನಿಂತರೂ ಮಳೆಗಾಲದಲ್ಲಿ ಕೇಳೋ ದೂರು ಒಂದೇ.

"ಮೀಟರ್ ಬೋರ್ಡ್ ಹತ್ರ ಇರೋ ಆ ಸ್ವಿಚ್ಚು ನಿಲ್ತಾನೇ ಇಲ್ಲ ಕಣ್ರೀ. ಎತ್ತಿದ್ರೆ ಟಪ್ ಅಂತ ಬೀಳುತ್ತೆ. ಏನಾದ್ರೂ ಮಾಡ್ಕೊಡಿ."

ಆ ಸ್ವಿಚ್ಚಿನ ಹೆಸರು ಆರ್‌ಸಿಸಿಬಿ. ಹಳಬರು ಈಗಲೂ ಇಎಲ್‌ಸಿಬಿ ಅಂತಲೇ ಕರೀತಾರೆ. ಹೆಸರು ಯಾವುದಾದರೂ ಇರಲಿ, ಅದು ಬೀಳ್ತಾ ಇದೆ ಅಂದ್ರೆ ಮನೆಯಲ್ಲಿ ಎಲ್ಲೋ ಕರೆಂಟು ತನ್ನ ದಾರಿ ಬಿಟ್ಟು ನೆಲಕ್ಕೆ ಇಳೀತಾ ಇದೆ ಅಂತ. ನಮ್ಮ ಜನ ಇದಕ್ಕೆ "ಗ್ರೌಂಡ್ ಹೊಡೀತಿದೆ" ಅಂತಾರೆ, "ಅರ್ಥ್ ಆಗ್ತಿದೆ" ಅಂತಾರೆ.

ಇದಕ್ಕೆ ಪೇಟೆಯಲ್ಲಿ ಮೂರು ಅಡ್ಡ ಮದ್ದು ಚಾಲ್ತಿಯಲ್ಲಿವೆ. ಆ ಸ್ವಿಚ್ಚನ್ನೇ ತಪ್ಪಿಸಿ ನೇರ ವೈರು ಎಳೆಯೋದು ಒಂದು. ಗೀಸರಿನದೋ ಫ್ರಿಜ್ಜಿನದೋ ಅರ್ಥಿಂಗ್ ವೈರು ಕಿತ್ತು ಹಾಕೋದು ಎರಡು. 30 ಮಿಲಿ ಆಂಪಿಯರಿನ ಸ್ವಿಚ್ಚು ತೆಗೆದು 100ರದ್ದೋ 300ರದ್ದೋ ಕೂರಿಸೋದು ಮೂರು. ಮೂರರಲ್ಲಿ ಯಾವುದು ಮಾಡಿದರೂ ಸ್ವಿಚ್ಚು ಬೀಳೋದು ನಿಲ್ಲುತ್ತೆ. ಯಜಮಾನರಿಗೆ ಖುಷಿ. ಆದರೆ ಸೋರ್ತಾ ಇರೋ ಕರೆಂಟು ಅಲ್ಲೇ ಇರುತ್ತೆ, ಒದ್ದೆ ಕೈ ಒಂದು ಬರಲಿ ಅಂತ ಕಾಯ್ತಾ ಇರುತ್ತೆ. ರಾತ್ರಿ ನಾಯಿ ಬೊಗಳಿತು ಅಂತ ನಾಯಿ ಬಾಯಿ ಕಟ್ಟಿದರೆ ಕಳ್ಳ ಓಡಿ ಹೋಗ್ತಾನಾ ಸ್ವಾಮಿ?

ಗೇಟ್ ಕಾಯೋ ವಾಚ್‌ಮನ್

ಈ ಆರ್‌ಸಿಸಿಬಿ ಮಾಡೋ ಕೆಲಸ ಬಸ್ ಡಿಪೋ ಗೇಟಿನ ವಾಚ್‌ಮನ್ ಕೆಲಸ. ಬೆಳಿಗ್ಗೆ ಎಷ್ಟು ಬಸ್ಸು ಹೊರಗೆ ಹೋದವು, ರಾತ್ರಿ ಎಷ್ಟು ವಾಪಸ್ ಬಂದವು, ಅಷ್ಟೇ ಲೆಕ್ಕ. ಕರೆಂಟು ಫೇಸ್ ವೈರಿನಲ್ಲಿ ಮನೆಯೊಳಗೆ ಹೋಗುತ್ತೆ, ಫ್ಯಾನು ಬಲ್ಬು ತಿರುಗಿ ನ್ಯೂಟ್ರಲ್ ವೈರಿನಲ್ಲಿ ವಾಪಸ್ ಬರುತ್ತೆ. ಹೋದಷ್ಟೇ ಬರಬೇಕು. ಎರಡೂ ವೈರು ಆ ಸ್ವಿಚ್ಚಿನೊಳಗಿನ ಒಂದು ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋಗಿದ್ದೂ ಬಂದಿದ್ದೂ ಸಮ ಇದ್ದರೆ ಬಳೆ ಸುಮ್ಮನಿರುತ್ತೆ. ವಾಪಸ್ ಬಂದದ್ದರಲ್ಲಿ 30 ಮಿಲಿ ಆಂಪಿಯರ್ ಕೊರತೆ ಬಿತ್ತೋ, ಕಣ್ಣು ಮಿಟುಕಿಸೋದರೊಳಗೆ ಲೈನ್ ಕತ್ತರಿಸುತ್ತೆ. ಕಂಪನಿಯವರು ತಯಾರು ಮಾಡೋದೇ 15ರಿಂದ 30ರ ನಡುವೆ ಎಲ್ಲಾದರೂ ಬೀಳೋ ಹಾಗೆ.

30 ಮಿಲಿ ಅಂದ್ರೆ ಎಷ್ಟು? ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂವತ್ತು ಪಾಲು. 230 ವೋಲ್ಟಿಗೆ ಲೆಕ್ಕ ಹಾಕಿದರೆ 7 ವಾಟ್ ಆಗುತ್ತೆ. ದೇವರ ಮನೆಯ ಸಣ್ಣ ಬಲ್ಬಿನಷ್ಟು! ಇಷ್ಟಕ್ಕೆಲ್ಲಾ ಇಷ್ಟು ರಂಪ ಯಾಕೆ ಅಂತೀರಾ? ಮನುಷ್ಯನ ಮೈಯಲ್ಲಿ 1 ಮಿಲಿ ಹರಿದರೆ ಜುಮ್ ಅನ್ನುತ್ತೆ. ಹತ್ತರ ಸುಮಾರಿಗೆ ಹಿಡಿದ ಕೈ ಬಿಡಿಸಿಕೊಳ್ಳಲಾಗದು, ಬೆರಳು ತಾನಾಗಿ ಬಿಗಿದುಕೊಳ್ಳುತ್ತೆ. ಮೂವತ್ತು ದಾಟಿ ನಿಂತರೆ ಹೃದಯದ ಬಡಿತಕ್ಕೇ ಸಂಚಕಾರ. ಒದ್ದೆ ಮೈಯಲ್ಲಿ ಸುಮಾರು ಸಾವಿರ ಓಂ ತಡೆ ಅಂತ ಹಿಡಿದರೂ 230 ವೋಲ್ಟಿಗೆ 230 ಮಿಲಿ ಹರಿಯುತ್ತೆ. ಲೆಕ್ಕ ಇಷ್ಟೇ.

ಫ್ಯೂಸು ಯಾಕೆ ಹೋಗಲ್ಲ?

"ನಮ್ಮ ಮನೇಲಿ ಎಂಸಿಬಿ ಇದೆ, ಅರ್ಥಿಂಗೂ ಇದೆ, ಇನ್ಯಾಕ್ರೀ ಇದು?" ಅಂತ ಕೇಳುವವರು ತುಂಬಾ ಜನ. ಅವರಿಗಾಗಿ ಒಂದು ಲೆಕ್ಕ.

ಗೀಸರಿನ ಕಾಯಿಲ್ ಒಡೆದು ಫೇಸ್ ನೇರ ಗೀಸರಿನ ಮೈಗೆ ತಾಗಿದೆ ಅಂತ ಇಟ್ಕೊಳ್ಳಿ. ಅಲ್ಲಿಂದ ಅರ್ಥಿಂಗ್ ವೈರು, ಅಲ್ಲಿಂದ ಹಿತ್ತಲಿನ ಅರ್ಥ್ ಗುಂಡಿ. ಗುಂಡಿಗೆ ನೀರು ಹಾಕಿ ವರ್ಷಗಳಾಗಿವೆ, ಮಣ್ಣು ಒಣಗಿ ಅದರ ತಡೆ 20 ಓಂ ಆಗಿದೆ. 230ನ್ನು 20ರಿಂದ ಭಾಗಿಸಿ: ಹನ್ನೊಂದೂವರೆ ಆಂಪಿಯರ್. ಗೀಸರಿಗೆ ಹಾಕಿರೋ ಎಂಸಿಬಿ 16 ಆಂಪಿಯರಿನದು. ಅದಕ್ಕೆ ಹನ್ನೊಂದೂವರೆ ಅಂದ್ರೆ ದಿನನಿತ್ಯದ ಊಟ. ಬೀಳೋದೇ ಇಲ್ಲ! ಅಷ್ಟು ಹೊತ್ತೂ ಗೀಸರಿನ ಮೈಮೇಲೆ, ಅದಕ್ಕೆ ಸೇರಿದ ಕಬ್ಬಿಣದ ಪೈಪಿನ ಮೇಲೆ, ನಲ್ಲಿಯ ಮೇಲೆ ಹೆಚ್ಚು ಕಡಿಮೆ ಪೂರ್ತಿ 230 ವೋಲ್ಟ್ ಕೂತಿರುತ್ತೆ. ಎಂಸಿಬಿ ಇರೋದು ವೈರು ಸುಡದ ಹಾಗೆ ಕಾಯೋದಕ್ಕೆ. ಮನುಷ್ಯನನ್ನು ಕಾಯೋದು ಆರ್‌ಸಿಸಿಬಿ.

ಇದರಲ್ಲಿ ದುಡ್ಡಿನ ಮಾತೂ ಇದೆ, ಅಂಗಡಿಯವರು ಗಮನಿಸಿ. ಮೇಲಿನ ಲೆಕ್ಕದಲ್ಲಿ ಗಂಟೆಗೆ ಎರಡೂವರೆ ಯೂನಿಟ್ ಮಣ್ಣು ಬಿಸಿ ಮಾಡೋದಕ್ಕೇ ಹೋಯ್ತು. ಸಣ್ಣ ಸೋರಿಕೆ ಅಂತ ತಳ್ಳಿ ಹಾಕಬೇಡಿ. ಬರೀ 200 ಮಿಲಿ ಹಗಲು ರಾತ್ರಿ ಸೋರಿದರೆ 46 ವಾಟ್, ತಿಂಗಳಿಗೆ 33 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ಲು ಕಟ್ಟಬೇಕು ಅನ್ನೋದು ಎಲ್ಲರಿಗೂ ಗೊತ್ತು. ಗಡಿಯಲ್ಲಿರೋ ಮನೆಗೆ ಈ 33 ಯೂನಿಟ್ಟೇ ಸಾಕು. ಈಗಿನ ಎಷ್ಟೋ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ 'ಅರ್ಥ್' ಅಥವಾ 'ಇ.ಎಲ್.' ಅಂತ ಒಂದು ಸಣ್ಣ ಕೆಂಪು ದೀಪ ಇರುತ್ತೆ. ಹೋದ ಕರೆಂಟಿಗೂ ಬಂದ ಕರೆಂಟಿಗೂ ತಾಳೆ ಆಗದಿದ್ದರೆ ಅದು ಹತ್ತುತ್ತೆ. ಒಂದು ಸಲ ಹೋಗಿ ನೋಡಿ.

ಮೊದಲ ಪಾಠ: ಪ್ಲಗ್ಗು ಕೀಳಿ

ಸರಿ, ಸ್ವಿಚ್ಚು ಬಿತ್ತು. ಈಗೇನು ಮಾಡೋದು? ಹುಡುಕೋದರಲ್ಲಿ ಮನೆಯವರು ಮಾಡೋ ಭಾಗ ಒಂದು, ಕಸುಬಿನವರು ಮಾಡೋ ಭಾಗ ಇನ್ನೊಂದು. ಮೊದಲನೆಯದಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ, ಯಾವ ಬೋರ್ಡೂ ಬಿಚ್ಚಬೇಕಿಲ್ಲ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ, ಅಷ್ಟೇ.

ಆರ್‌ಸಿಸಿಬಿ ಬಿದ್ದು ಲೈನು ಸತ್ತಿರುವಾಗಲೇ ಮನೆಯಲ್ಲಿರೋ ಎಲ್ಲ ಪ್ಲಗ್ಗುಗಳನ್ನು ಸಾಕೆಟ್ಟಿನಿಂದ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಲೇಬೇಕು. ಯಾಕೆ ಗೊತ್ತಾ? ಗೋಡೆ ಸ್ವಿಚ್ಚು ಕತ್ತರಿಸೋದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಸಾಮಾನಿಗೆ ಅಂಟಿಕೊಂಡಿರುತ್ತೆ. ನ್ಯೂಟ್ರಲ್ ಕಡೆಯಿಂದ ಮೈಗೆ ತಾಗಿರೋ ಮಿಕ್ಸಿ ಸ್ವಿಚ್ ಆಫ್ ಇದ್ದಾಗಲೂ ಆರ್‌ಸಿಸಿಬಿಯನ್ನು ಬೀಳಿಸಬಹುದು. "ಮಿಕ್ಸಿ ಆಫ್ ಇತ್ತಲ್ಲ, ಅದಲ್ಲ ಬಿಡಿ" ಅಂತ ಅದನ್ನ ಬಿಟ್ಟು ಗೋಡೆ ಒಡೆಸಿದವರಿದ್ದಾರೆ.

ಎಲ್ಲ ಕಿತ್ತ ಮೇಲೆ ಆರ್‌ಸಿಸಿಬಿ ಎತ್ತಿ. ನಿಂತಿತಾ? ಹಾಗಾದ್ರೆ ವೈರಿಂಗು ಅಷ್ಟರಮಟ್ಟಿಗೆ ಸಾಚಾ. ಕಳ್ಳ ಸಾಮಾನಿನಲ್ಲಿದ್ದಾನೆ. ಈಗ ಒಂದೊಂದೇ ಪ್ಲಗ್ಗು ಹಾಕಿ, ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ನೋಡಿ, ಮುಂದಿನದಕ್ಕೆ ಹೋಗಿ. ಯಾವುದು ಹಾಕಿದಾಗ ಟಪ್ ಅಂತೋ ಅದನ್ನು ಪಕ್ಕಕ್ಕಿಡಿ, ರಿಪೇರಿಗೆ ಕೊಡಿ. ಅದಿಲ್ಲದೆ ಉಳಿದದ್ದನ್ನು ಮತ್ತೆ ಪರೀಕ್ಷೆ ಮಾಡಿ, ಕಳ್ಳರು ಇಬ್ಬರೂ ಇರಬಹುದು!

ನೀರೂ ಬಿಸಿಯೂ ಇರೋ ಸಾಮಾನಿನ ಮೇಲೆ ಮೊದಲು ಅನುಮಾನ ಇಡಿ. ಗೀಸರು, ಇಸ್ತ್ರಿ ಪೆಟ್ಟಿಗೆ, ಬಟ್ಟೆ ಒಗೆಯೋ ಮಿಷನ್ನು, ರುಬ್ಬೋ ಗ್ರೈಂಡರು, ಬಕೆಟ್ಟಿಗೆ ಇಳಿಸೋ ಕಾಯಿಲ್ ರಾಡು, ಸಂಪಿನ ಮೋಟಾರು. ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಸಮಾಚಾರ ಇದೆ. ಬಚ್ಚಲಲ್ಲಿ ಹಂಡೆ ಒಲೆ ಇರುತ್ತೆ, ಗೀಸರು ನೆಂಟರು ಬಂದಾಗ ಮಾತ್ರ. ಕಾಯಿಲಿನ ಒಳಗೆ ತುಂಬಿರೋ ಬಿಳಿ ಪುಡಿ ತಿಂಗಳುಗಟ್ಟಲೆ ಬಳಸದೇ ಇದ್ದರೆ ಗಾಳಿಯ ಪಸೆ ಹೀರಿಕೊಳ್ಳುತ್ತೆ. ನೆಂಟರು ಬಂದ ದಿನವೇ ಸ್ವಿಚ್ಚು ಬೀಳೋದು ಅದಕ್ಕೇ.

ಕೆಲವು ಸಾಮಾನು ಹಾಕಿದ ಕೂಡಲೆ ಬೀಳಿಸಲ್ಲ. ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ, ಫ್ರಿಜ್ಜು ಐಸ್ ಕರಗಿಸೋ ಕಾಯಿಲ್ ಹಾಕಿಕೊಂಡಾಗ, ಒಗೆಯೋ ಮಿಷನ್ನು ನೀರು ಬಿಸಿ ಮಾಡೋಕೆ ಶುರು ಮಾಡಿದಾಗ ಬೀಳುತ್ತೆ. ಆದ್ದರಿಂದ ಒಂದು ಚೀಟಿ ಇಟ್ಟು ಬರೆದಿಡಿ: ಯಾವ ಹೊತ್ತು ಬಿತ್ತು, ಆಗ ಏನು ಓಡ್ತಿತ್ತು, ಮಳೆ ಇತ್ತಾ. ನಾಲ್ಕು ದಿನದ ಈ ಚೀಟಿ ಮೇಸ್ತ್ರಿಗೆ ನಾಲ್ಕು ಗಂಟೆಯ ಕೆಲಸ ಉಳಿಸುತ್ತೆ, ನಿಮಗೆ ಅಷ್ಟರ ಕೂಲಿ ಉಳಿಸುತ್ತೆ.

ಎರಡನೇ ಪಾಠ: ಯಾವ ಕೋಣೆ?

ಎಲ್ಲ ಪ್ಲಗ್ಗು ಕಿತ್ತರೂ ನಿಲ್ಲದಿದ್ದರೆ? ಎಲ್ಲ ಎಂಸಿಬಿಗಳನ್ನೂ ಕೆಳಗೆ ಹಾಕಿ, ಆರ್‌ಸಿಸಿಬಿ ಮಾತ್ರ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಲೈನಿನಲ್ಲಿ ಫೇಸು ನೆಲ ಸೇರ್ತಾ ಇದೆ. ಆ ಎಂಸಿಬಿ ಕೆಳಗೇ ಇರಲಿ. ಉಳಿದ ಮನೆಗೆ ದೀಪ ಬಂತಲ್ಲ, ಮೇಸ್ತ್ರಿ ಬರೋ ತನಕ ಕತ್ತಲಲ್ಲಿ ಕೂರಬೇಕಿಲ್ಲ. ಮನೆಯವರ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಲೈಸೆನ್ಸ್ ಇರೋ ಕಸುಬಿನವರದು. ಆದರೂ ಅವರು ಏನು ಮಾಡ್ತಾರೆ ಅಂತ ತಿಳಿದಿದ್ದರೆ ನಿಮ್ಮನ್ನು ಯಾರೂ ಯಾಮಾರಿಸೋದಿಲ್ಲ.

ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ಬೀಳೋದುಂಟು. ಇಲ್ಲೇ ಅರೆಕಲಿತವರು ಸೋಲೋದು. "ಎಲ್ಲಾ ಆಫ್ ಇದೆ, ಆದ್ರೂ ಬೀಳುತ್ತೆ ಅಂದ್ರೆ ಸ್ವಿಚ್ಚೇ ಕೆಟ್ಟಿದೆ, ಹೊಸದು ತನ್ನಿ" ಅಂತಾರೆ. ಹೊಸದು ತರ್ತೀರಿ. ಅದೂ ಬೀಳುತ್ತೆ! ವಿಷಯ ಏನಪ್ಪಾ ಅಂದ್ರೆ, ನಮ್ಮ ಮನೆಗಳ ಮಾಮೂಲಿ ಎಂಸಿಬಿ ಕೂಡ ಫೇಸನ್ನು ಮಾತ್ರ ಕತ್ತರಿಸುತ್ತೆ. ಎಲ್ಲ ಕೋಣೆಗಳ ನ್ಯೂಟ್ರಲ್ಲು ಒಂದೇ ಹಿತ್ತಾಳೆ ಪಟ್ಟಿಗೆ ಬಂದು ಸೇರಿರುತ್ತೆ. ಯಾವುದೋ ಒಂದು ಕೋಣೆಯಲ್ಲಿ ನ್ಯೂಟ್ರಲ್ ವೈರು ಅರ್ಥಿಂಗಿಗೋ ಒದ್ದೆ ಗೋಡೆಗೋ ತಾಗಿದ್ದರೆ, ವಾಪಸ್ ಬರೋ ಕರೆಂಟಿನಲ್ಲಿ ಒಂದಷ್ಟು ಅಲ್ಲಿಂದಲೇ ನೆಲಕ್ಕೆ ಇಳಿದು ಹೋಗುತ್ತೆ. ವಾಚ್‌ಮನ್ ಲೆಕ್ಕ ತಪ್ಪುತ್ತೆ.

ಇಂಥ ನ್ಯೂಟ್ರಲ್ ಸೋರಿಕೆಯ ಗುರುತು ವಿಚಿತ್ರ. ಸಣ್ಣ ಬಲ್ಬು ಹಾಕಿದರೆ ಸುಮ್ಮನಿರುತ್ತೆ, ಇಸ್ತ್ರಿಯಂಥ ದೊಡ್ಡ ಲೋಡು ಹಾಕಿದರೆ ಬೀಳುತ್ತೆ. ಇಸ್ತ್ರಿ ಪೆಟ್ಟಿಗೆ ಮೇಲೆ ಗೂಬೆ ಕೂರುತ್ತೆ. ಪಾಪ, ಅದರದೇನೂ ತಪ್ಪಿಲ್ಲ. ಕಸುಬು ಬಲ್ಲವರು ಮೇನ್ ಆಫ್ ಮಾಡಿ, ಆ ಪಟ್ಟಿಯಿಂದ ಒಂದೊಂದು ಕೋಣೆಯ ನ್ಯೂಟ್ರಲ್ಲನ್ನು ಬಿಚ್ಚಿ ಬೇರೆ ಮಾಡಿ ನೋಡ್ತಾರೆ. ಯಾವುದು ಬಿಚ್ಚಿದಾಗ ಸ್ವಿಚ್ಚು ನಿಂತಿತೋ ಅದೇ ಕೋಣೆ.

ಯುಪಿಎಸ್ ಇರೋ ಮನೆಯವರು ಇನ್ನೊಂದು ಕೇಳಿಸಿಕೊಳ್ಳಿ. ಯುಪಿಎಸ್ ಹಾಕುವಾಗ ಅವಸರದಲ್ಲಿ ಅದರ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಯ ತಪ್ಪು ಕಡೆಗೆ ಸೇರಿಸಿಬಿಡ್ತಾರೆ. ಒಂದು ಬಾಗಿಲಲ್ಲಿ ಹೋದದ್ದು ಇನ್ನೊಂದು ಬಾಗಿಲಲ್ಲಿ ಬರುತ್ತೆ. ಯಾವ ವೈರೂ ಸೋರಿಲ್ಲ, ಆದರೂ ಲೆಕ್ಕ ತಪ್ಪಿ ಸ್ವಿಚ್ಚು ಬೀಳುತ್ತೆ. ಯುಪಿಎಸ್ ಕೂರಿಸಿದ ಮೇಲೆ ಶುರುವಾದ ಕಾಟ ಅಂದ್ರೆ ಮೊದಲು ಅಲ್ಲೇ ನೋಡಿಸಿ.

ಮೂರನೇ ಪಾಠ: ಗೋಡೆಯೊಳಗಿನ ಕಳ್ಳ

ಹಿಂದೆ ಮರದ ಪಟ್ಟಿಯ ಮೇಲೆ ವೈರು ಓಡ್ತಿತ್ತು. ಎಲ್ಲಿ ಬಿರುಕು ಬಿಟ್ಟಿದೆ ಅಂತ ಕಣ್ಣಿಗೇ ಕಾಣ್ತಿತ್ತು. ಈಗ ಎಲ್ಲ ಗೋಡೆಯೊಳಗೆ, ಪೈಪಿನೊಳಗೆ. ನೋಡೋಕೆ ಚಂದ, ಹುಡುಕೋಕೆ ಕಷ್ಟ. ತಾರಸಿಯಿಂದ ಇಳಿದ ನೀರು ಪೈಪಿನಲ್ಲಿ ನಿಲ್ಲುತ್ತೆ. ಫೋಟೋಗೆ ಹೊಡೆದ ಮೊಳೆ ವೈರಿನ ಸಿಪ್ಪೆ ಸುಲಿಯುತ್ತೆ. ಅಟ್ಟದ ಮೇಲೆ ಇಲಿ ಕಡಿಯುತ್ತೆ. ಸ್ವಿಚ್ ಬಾಕ್ಸಿನೊಳಗೆ ಇರುವೆ, ಹಲ್ಲಿ, ಕಣಜದ ಮಣ್ಣಿನ ಗೂಡು. ಮಳೆಗಾಲದಲ್ಲಿ ಆ ಮಣ್ಣು ಪಸೆ ಹಿಡಿದರೆ ಫೇಸಿಗೂ ಅರ್ಥಿಂಗಿಗೂ ಸೇತುವೆ ಕಟ್ಟಿದ ಹಾಗೇ.

ಇದನ್ನು ಹಿಡಿಯೋ ಅಸ್ತ್ರ ಮೆಗ್ಗರ್. ಮೇನ್ ಆಫ್ ಮಾಡಿ, ಬಲ್ಬು, ಫ್ಯಾನ್ ರೆಗ್ಯುಲೇಟರು, ಎಲ್ಲ ಸಾಮಾನು ಬಿಡಿಸಿ, ಬರೀ ವೈರಿನ ಮೇಲೆ 500 ವೋಲ್ಟ್ ಡಿ.ಸಿ. ಕೊಟ್ಟು ಸಿಪ್ಪೆ ಎಷ್ಟು ತಡೆಯುತ್ತೆ ಅಂತ ಅಳೀತಾರೆ. ಫೇಸಿಗೂ ಅರ್ಥಿಗೂ ಒಂದು ಸಲ, ನ್ಯೂಟ್ರಲ್ಲಿಗೂ ಅರ್ಥಿಗೂ ಇನ್ನೊಂದು ಸಲ. ಕಡೇ ಪಕ್ಷ 1 ಮೆಗಾ ಓಂ, ಅಂದ್ರೆ ಹತ್ತು ಲಕ್ಷ ಓಂ ಬರಬೇಕು. ಒಳ್ಳೇ ವೈರಿಂಗಿನಲ್ಲಿ ಅದರ ಹತ್ತಾರು ಪಟ್ಟು ಬರುತ್ತೆ. 30 ಮಿಲಿ ಸೋರಬೇಕಾದರೆ ತಡೆ ಏಳೂಮುಕ್ಕಾಲು ಸಾವಿರ ಓಮಿನ ಹತ್ತಿರ ಇಳಿದಿರಬೇಕು. ಹಾಗಾಗಿ ಕೆಟ್ಟ ಲೈನು ಮೆಗ್ಗರಿಗೆ ಥಟ್ಟನೆ ಸಿಕ್ಕಿಬೀಳುತ್ತೆ. ಜೇಬಿನ ಮಲ್ಟಿಮೀಟರಿನಿಂದ ಈ ಕೆಲಸ ಆಗಲ್ಲ. ಅದು ಕೊಡೋದು ಸಣ್ಣ ಬ್ಯಾಟರಿಯ ವೋಲ್ಟು. ಅದಕ್ಕೆ ಗಟ್ಟಿಯಾಗಿ ಕಂಡ ಸಿಪ್ಪೆ 230ಕ್ಕೆ ಬಾಯಿ ಬಿಡಬಹುದು.

ಕೋಣೆ ಸಿಕ್ಕಿತು, ಈಗ ಜಾಗ? ಇಲ್ಲಿ ಅರ್ಧ ಅರ್ಧ ಮಾಡೋ ಉಪಾಯ. ಲೈನಿನಲ್ಲಿ ಎಂಟು ಪಾಯಿಂಟ್ ಇದ್ದರೆ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ಬಿಡಿಸ್ತಾರೆ. ನಾಲ್ಕು ಈ ಕಡೆ, ನಾಲ್ಕು ಆ ಕಡೆ. ಯಾವ ಕಡೆ ಮೆಗ್ಗರ್ ಇಳಿಯಿತೋ ಅದನ್ನು ಮತ್ತೆ ಎರಡು-ಎರಡು. ಆಮೇಲೆ ಒಂದು-ಒಂದು. ಮೂರೇ ಸಲಕ್ಕೆ ಜಾಗ ಸಿಕ್ಕಿತು. ಹದಿನಾರು ಪಾಯಿಂಟ್ ಇದ್ದರೆ ನಾಲ್ಕು ಸಲ. ಇಡೀ ಗೋಡೆ ಒಡೀಬೇಕು ಅಂತ ಬಂದ ಕೂಡಲೆ ಹೇಳೋ ಮೇಸ್ತ್ರಿಯನ್ನು ಕೇಳಿ: "ಏನಪ್ಪಾ, ಮೆಗ್ಗರ್ ತಂದಿದ್ದೀಯಾ? ಯಾವ ಬಾಕ್ಸಿಂದ ಯಾವ ಬಾಕ್ಸಿಗೆ ಕೆಟ್ಟಿದೆ ಹೇಳು." ಉತ್ತರ ತಡವರಿಸಿದರೆ ಟೀ ಕುಡಿಸಿ ಕಳಿಸಿ. ಬಾಕ್ಸಿಂದ ಬಾಕ್ಸಿಗೆ ಜಾಗ ಸಿಕ್ಕಿದರೆ, ಪೈಪು ಚೆನ್ನಾಗಿದ್ದಲ್ಲಿ ಹಳೇ ವೈರು ಎಳೆದು ಹೊಸದು ತೂರಿಸಿದರೆ ಮುಗಿಯಿತು. ಸುತ್ತಿಗೆ ಕೆಲಸವೇ ಇಲ್ಲ.

ಇನ್ನೊಂದು ಅಸ್ತ್ರ ಸೋರಿಕೆ ಅಳೆಯೋ ಕ್ಲ್ಯಾಂಪ್ ಮೀಟರ್. ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಅದರ ಬಾಯಿಗೆ ಕೊಟ್ಟರೆ ಎರಡರ ನಡುವಿನ ಕೊರತೆಯನ್ನು ಮಿಲಿ ಲೆಕ್ಕದಲ್ಲಿ ತೋರಿಸುತ್ತೆ. ಲೈನು ಓಡ್ತಾ ಇರುವಾಗಲೇ ನೋಡಬಹುದು. ಬಂದು ಹೋಗೋ ಸೋರಿಕೆಗೆ ಇದು ರಾಮಬಾಣ. ಮಳೆಯಲ್ಲಿ ಬೀಳೋ ಸ್ವಿಚ್ಚು ಬಿಸಿಲು ಬಂದಾಗ ಸರಿಹೋಗುತ್ತೆ, ಆಗ ಮೇಸ್ತ್ರಿ ಬಂದು "ಏನೂ ಇಲ್ಲ ಯಜಮಾನ್ರೇ" ಅಂತ ಹೋಗ್ತಾರೆ. ಸುಳ್ಳು ಹೇಳಿದ್ದಲ್ಲ, ಆ ಹೊತ್ತಿಗೆ ಗೋಡೆ ಒಣಗಿರುತ್ತೆ. ಮಳೆ ಸುರಿಯುವಾಗಲೇ ಕರೆಸಿ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಆ ಅವಕಾಶಕ್ಕೇನೂ ಬರವಿಲ್ಲ!

ಕಳ್ಳನೇ ಇಲ್ಲದ ಕಳವು

ಕೆಲವು ಅಂಗಡಿಗಳಲ್ಲಿ ಎಲ್ಲ ಹುಡುಕಿದರೂ ಏನೂ ಸಿಗಲ್ಲ. ಕಂಪ್ಯೂಟರು, ಬಿಲ್ ಮಿಷನ್ನು, ಕ್ಯಾಮೆರಾ ಪೆಟ್ಟಿಗೆ, ಸಾಲು ಸಾಲು ಎಲ್‌ಇಡಿ ಲೈಟು, ಎಲ್ಲ ಒಂದೇ ಆರ್‌ಸಿಸಿಬಿ ಮೇಲೆ. ಇಂಥ ಎಲೆಕ್ಟ್ರಾನಿಕ್ ಸಾಮಾನು ಚೆನ್ನಾಗಿದ್ದಾಗಲೂ ಒಳಗಿನ ಫಿಲ್ಟರಿನಿಂದ ಚೂರು ಚೂರು ಕರೆಂಟು ಅರ್ಥಿಗೆ ಬಿಡುತ್ತವೆ. ಒಂದೊಂದರದೂ ಮಿಲಿಯೋ ಅರ್ಧ ಮಿಲಿಯೋ. ಇಪ್ಪತ್ತು ಸಾಮಾನು ಸೇರಿದರೆ ಹದಿನೈದರ ಹತ್ತಿರ ಬಂತು. ಮೇಲಿಂದ ಮಳೆಯ ಪಸೆ ಒಂದೆರಡು ಸೇರಿದರೆ ಟಪ್! ಇದಕ್ಕೆ ಮದ್ದು ಲೋಡನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚೋದು. 100 ಮಿಲಿಯದ್ದು ಕೂರಿಸೋದಲ್ಲ. 100, 300 ಮಿಲಿಯವು ಬೆಂಕಿ ಬೀಳದ ಹಾಗೆ ಕಾಯೋಕೆ ಮೇನಿನಲ್ಲಿ ಹಾಕೋವು. ಮನುಷ್ಯ ಮುಟ್ಟಿದರೆ ಅವು ಎದ್ದೇಳೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ.

ಶಟರ್ ಎಳೆಯೋ ಮುಂಚೆ

ಅಂಗಡಿ ಮಾಲೀಕರೇ, ನಿಮ್ಮ ಅಂಗಡಿಯ ಮುಂದೆ ಮಳೆಗೆ ನಿಲ್ಲೋ ಜನರ ನೆನಪಿರಲಿ. ಬಸ್ ಸ್ಟ್ಯಾಂಡಿನ ಎದುರು, ಬಿ.ಎಚ್. ರಸ್ತೆಯ ಉದ್ದಕ್ಕೂ, ನೆಹರೂ ರಸ್ತೆಯಲ್ಲಿ, ಮಳೆ ಬಂದರೆ ಜನ ನಿಲ್ಲೋದು ಅಂಗಡಿ ಶೀಟಿನ ಕೆಳಗೆ, ಶಟರಿಗೆ ಒರಗಿಕೊಂಡು. ಕೈಯಲ್ಲಿ ಒದ್ದೆ ಕೊಡೆ, ಕಾಲಡಿ ನೀರು. ಮೇಲೆ ನಿಮ್ಮ ನಾಮಫಲಕ. ತಗಡಿನ ಚೌಕಟ್ಟು, ಒಳಗೆ ಲೈಟು, ಜಾಯಿಂಟಿಗೆ ಸುತ್ತಿರೋ ಟೇಪು ಬಿಸಿಲಿಗೆ ಸಿಪ್ಪೆ ಎದ್ದು ಹೋಗಿದೆ. ಆ ಚೌಕಟ್ಟು ಕೂತಿರೋದು ಕಬ್ಬಿಣದ ಆಂಗಲ್ ಮೇಲೆ, ಆಂಗಲ್ಲು ಶಟರಿನ ಚೌಕಟ್ಟಿಗೆ ವೆಲ್ಡ್ ಆಗಿದೆ. ಸೋರಿದ ಕರೆಂಟು ಎಲ್ಲಿಗೆ ಬರುತ್ತೆ ಅಂತ ಇನ್ನು ಹೇಳಬೇಕಾ?

ಎಷ್ಟೋ ಕಡೆ ಈ ಬೋರ್ಡಿನ ಲೈನು ಆಮೇಲೆ ಎಳೆದದ್ದು, ಆರ್‌ಸಿಸಿಬಿಯ ಲೆಕ್ಕಕ್ಕೇ ಬರದ ಹಾಗೆ ಮೀಟರಿನಿಂದ ನೇರ ಎಳೆದದ್ದು. ಮಳೆಗಾಲ ಶುರುವಾಗೋ ಮುಂಚೆ ಮೂರು ಕೆಲಸ ಮಾಡಿಸಿ. ಬೋರ್ಡಿನ ಲೈನು 30 ಮಿಲಿಯ ಆರ್‌ಸಿಸಿಬಿ ಕೆಳಗೆ ಬರಲಿ. ಬೋರ್ಡಿನ ಚೌಕಟ್ಟಿಗೂ ಶಟರಿಗೂ ಅರ್ಥಿಂಗ್ ವೈರು ಕಟ್ಟಿಸಿ. ಹೊರಗಿನ ಜಾಯಿಂಟುಗಳನ್ನು ನೀರು ಹೋಗದ ಬಾಕ್ಸಿನೊಳಗೆ ಹಾಕಿಸಿ. ಶಟರ್ ಮುಟ್ಟಿದಾಗ ಜುಮ್ ಅಂತ ಯಾರಾದರೂ ಗಿರಾಕಿ ಹೇಳಿದರೆ ನಗಬೇಡಿ, ಆ ಕ್ಷಣವೇ ಮೇನ್ ಆಫ್ ಮಾಡಿ.

ಬಸ್ಸಿಗೆ ಕಾಯುವವರೇ, ನೀವೂ ಅಷ್ಟೇ. ಮಳೆಯಲ್ಲಿ ಕಬ್ಬಿಣದ ಕಂಬಕ್ಕೋ, ತಗಡಿನ ಬೋರ್ಡಿಗೋ, ಶಟರಿಗೋ ಒರಗೋ ಚಾಳಿ ಬಿಡಿ.

ವಾಚ್‌ಮನ್ ಕಣ್ಣಿಗೆ ಬೀಳದ್ದು

ಆರ್‌ಸಿಸಿಬಿ ಇದೆ ಅಂತ ಎಲ್ಲದಕ್ಕೂ ಧೈರ್ಯ ಬೇಡ. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬೇ. ಹೋದಷ್ಟು ವಾಪಸ್ ಬರುತ್ತೆ, ಅದು ಬೀಳಲ್ಲ. ಮೀಟರಿಗಿಂತ ಮುಂಚಿನ ಲೈನೂ ಅದರ ಲೆಕ್ಕಕ್ಕೆ ಬರಲ್ಲ. ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರನ್ನು ಹೊತ್ತುಕೊಂಡಿರೋ ಒಂದು ಬರೀ ತಂತಿ ಇರುತ್ತೆ. ಗಾಳಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದರೆ ಆ ತಂತಿಗೆ ಕರೆಂಟು ಬಂತು. ಅದನ್ನು ಕಟ್ಟಿರೋ ತಗಡಿನ ಮಾಡಿಗೂ ಬಂತು. ಆ ಮಾಡಿನ ಕೊಕ್ಕೆಗೆ ಬಟ್ಟೆ ಒಣಗಿಸೋ ತಂತಿ ಕಟ್ಟಿದ್ದರೆ, ಒದ್ದೆ ಬಟ್ಟೆ ಹರವೋಕೆ ಹೋದ ತಾಯಿಯ ಕೈಗೂ ಬಂತು. ಬಟ್ಟೆ ಒಣಗಿಸೋಕೆ ನೈಲಾನ್ ಹಗ್ಗ ಕಟ್ಟಿ. ಹತ್ತಿಪ್ಪತ್ತು ರೂಪಾಯಿಯ ಲೆಕ್ಕ ನೋಡಬೇಡಿ. ಸರ್ವಿಸ್ ವೈರಿನಲ್ಲಿ ಸಂಶಯ ಬಂದರೆ ಏಣಿ ಹಾಕಬೇಡಿ. 1912ಕ್ಕೆ ಫೋನ್ ಮಾಡಿ, ಮೆಸ್ಕಾಂನವರು ಬರಲಿ. ಮೀಟರಿನ ಆಚೆ ಅವರದು, ಈಚೆ ನಮ್ಮದು.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಓಡಿ ಹೋಗಿ ಅವರನ್ನು ಹಿಡಿಯಬೇಡಿ, ನೀವೂ ಅಂಟಿಕೊಳ್ತೀರಿ. ಮೊದಲು ಮೇನ್ ಆಫ್. ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ. ಕಂಬದ ಲೈನಾದರೆ ಕೋಲೂ ಬೇಡ, ಹತ್ತಿರ ಹೋಗೋದೇ ಬೇಡ.

ಕೊನೇ ಮಾತು

ಸಣ್ಣ ಸಂಪರ್ಕಗಳನ್ನು ಬಿಟ್ಟು ಉಳಿದವರು ನೆಲಕ್ಕೆ ಸೋರೋದನ್ನು ಹಿಡಿಯೋ ಸಾಧನ ಹಾಕಿಸಲೇಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಇತ್ತು, ಅದರ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ಇದೆ. ಕಾನೂನು ಬಿಡಿ, ಒಂದೇ ಬಲ್ಬಿನ ಮನೆಗೂ ಜೀವ ಒಂದೇ ಅಲ್ವಾ? ಆ ಸಾಧನದ ಮೇಲೆ 'ಟಿ' ಅಂತ ಒಂದು ಸಣ್ಣ ಗುಂಡಿ ಇರುತ್ತೆ. ತಿಂಗಳಿಗೊಂದು ಸಲ ಒತ್ತಿ. ಟಪ್ ಅಂತ ಬಿದ್ದರೆ ವಾಚ್‌ಮನ್ ಎಚ್ಚರ ಇದ್ದಾನೆ. ಬೀಳದಿದ್ದರೆ ಅವನು ನಿದ್ದೆ ಹೋಗಿದ್ದಾನೆ, ಬದಲಾಯಿಸಿ. ಆದರೆ ಆ ಗುಂಡಿ ನಿಮ್ಮ ಅರ್ಥ್ ಗುಂಡಿಯ ಸುದ್ದಿ ಹೇಳಲ್ಲ. ಅದನ್ನು ಬೇರೆಯೇ ಅಳೆಸಬೇಕು, ಬೇಸಿಗೆಯಲ್ಲಿ ಅದಕ್ಕೆ ನಾಲ್ಕು ಕೊಡ ನೀರು ಹಾಕಬೇಕು.

ಅಂಗಡಿಯಲ್ಲಿ ಗಲ್ಲಾದ ಲೆಕ್ಕ ಹತ್ತು ರೂಪಾಯಿ ತಪ್ಪಿದರೆ ರಾತ್ರಿ ಹತ್ತು ಗಂಟೆ ತನಕ ಕೂತು ಹುಡುಕ್ತೀವಿ. ಕರೆಂಟಿನ ಲೆಕ್ಕ ತಪ್ಪಿದೆ ಅಂತ ಗೋಡೆ ಮೇಲಿನ ಸ್ವಿಚ್ಚು ದಿನಾ ಕೂಗ್ತಾ ಇದ್ದರೆ, ಒಂದು ಮಧ್ಯಾಹ್ನ ಕೂತು ಪ್ಲಗ್ಗು ಕಿತ್ತು ನೋಡೋಕೆ ಆಗಲ್ವಾ? ಈ ವಾರ ಬಿಡುವು ಮಾಡ್ಕೊಳ್ಳಿ.